ಸ್ಟಿಲ್ ಲೈಫ್ ಅರ್ಧಕ್ಕೆ ಬಂದ ಕೂಡಲೇ ಮನಸ್ಸು ಕುಸಿಯುವುದೇಕೆ?

ನೀಲಿಬಟ್ಟೆ
ಆಯಿಲ್ ಪೇಂಟಿಂಗ್ ಮಾಡುವವರು ದಯವಿಟ್ಟು ದಾರಿ ಹೇಳಿ. ಸ್ಟಿಲ್ ಲೈಫ್, ಅಂದರೆ ಎದುರಿಗೆ ಜೋಡಿಸಿಟ್ಟ ವಸ್ತುಗಳ ಚಿತ್ರ, ಬಿಡಿಸುತ್ತಿದ್ದೇನೆ. ಮೇಜಿನ ಮೇಲೆ ಜೋಡಿಸಿರುವುದು ಒಂದು ತಾಮ್ರದ ಪಾತ್ರೆ, ಹಸಿರು ಗಾಜಿನ ಬಾಟಲಿ, ಎರಡು ನಿಂಬೆಹಣ್ಣು; ಹಿಂದೆ ನೀಲಿ ಬಟ್ಟೆ. ಬಿಳಿ ಕ್ಯಾನ್ವಾಸ್, 12x16 ಇಂಚು. ದೊಡ್ಡ ಆಕಾರಗಳಿಗೆ ಬಣ್ಣ ತುಂಬುವಾಗ ಖುಷಿಯೋ ಖುಷಿ. ಎರಡನೇ ಸಲ ಕೂತರೆ ಎಲ್ಲ ರಾಡಿ. ತಾಮ್ರದ ಮೇಲೆ ಒಂದು ಹೈಲೈಟ್ (ಹೊಳಪಿನ ಚುಕ್ಕೆ) ಇಟ್ಟರೆ ಮತ್ತೆ ಜೀವ ಬಂದ ಹಾಗಾಗುತ್ತದೆ. ಸಂಜೆ ಬಲ್ಬಿನಡಿ ಚೆನ್ನಾಗಿ ಕಂಡದ್ದು ಬೆಳಿಗ್ಗೆ ನೋಡಿದರೆ ಸಪ್ಪೆ. ಪ್ರತಿ ಚಿತ್ರದ್ದೂ ಇದೇ ಹಣೆಬರಹ. ಕೆರೆದು ಹಾಕುವುದೋ, ಮುಂದುವರಿಸುವುದೋ? ತೊಂದರೆ ಇರುವುದು ಮನಸ್ಸಿನಲ್ಲೋ ಕೈಯಲ್ಲೋ?

ಅರೆಗಣ್ಣು
ಮನಸ್ಸಿನ ತಂಟೆಗೆ ಆಮೇಲೆ ಹೋಗೋಣ. ನೀವು ಹೇಳಿದ ಒಂದೊಂದು ಕುಸಿತಕ್ಕೂ ಬೇರೆ ಬೇರೆ ಕಾರಣ ಇದೆ, ಹೆಚ್ಚಿನವು ಕ್ಯಾನ್ವಾಸ್ ಮೇಲೇ ಸಿಗುತ್ತವೆ.

ಮೊದಲ ಖುಷಿ ಯಾಕೆಂದರೆ, ಆಗ ಚಿತ್ರದಲ್ಲಿ ಇರುವುದು ಮೂರೇ ಮೂರು ಟೋನ್: ಗಾಢ, ನಡು, ತಿಳಿ. ಉಳಿದದ್ದನ್ನು ನೋಡುವ ಕಣ್ಣೇ ತುಂಬಿಕೊಳ್ಳುತ್ತದೆ. ಎರಡನೇ ಸಲ ಕೂತಾಗ ನಾವು ಪಾತ್ರೆಯ ಅಂಚು, ನಿಂಬೆಯ ತೊಟ್ಟು ಅಂತ ಬಿಡಿ ಬಿಡಿಯಾಗಿ ನೋಡಲು ಶುರು ಮಾಡುತ್ತೇವೆ. ನೆರಳಿನೊಳಗೆ ಕಂಡ ಪ್ರತಿಫಲನವನ್ನು ಇರುವುದಕ್ಕಿಂತ ತಿಳಿಯಾಗಿ ಹಾಕುತ್ತೇವೆ, ಅಲ್ಲಿಗೆ ಮೂರು ಟೋನ್‌ಗಳ ಕಟ್ಟು ಒಡೆಯುತ್ತದೆ. ಪರೀಕ್ಷೆ ಸುಲಭ. ಚಿತ್ರವನ್ನೂ ಜೋಡಣೆಯನ್ನೂ ಒಂದೇ ಫ್ರೇಮಿನಲ್ಲಿ ಫೋನಿನಿಂದ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ನೆರಳಿನ ಭಾಗದಲ್ಲಿರುವ ಅತಿ ತಿಳಿಯಾದ ಬಣ್ಣವೂ ಬೆಳಕಿನ ಭಾಗದ ಅತಿ ಗಾಢ ಬಣ್ಣಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇರಬೇಕು. ಹಾಗಿಲ್ಲದಿದ್ದರೆ ಬಣ್ಣ ಎಷ್ಟೇ ಸರಿಯಿದ್ದರೂ ಚಿತ್ರ ಚಪ್ಪಟೆ.

ರಾಡಿಯ ವಿಷಯ. ತಾಮ್ರ ಕಿತ್ತಳೆ ಕಡೆಯದು, ಅದರ ಹಿಂದೆ ಇರುವುದು ನೀಲಿ. ಅಂಚಿನಲ್ಲಿ ಎರಡೂ ಹಸಿಯಾಗಿರುವಾಗ ಒಂದೇ ಬ್ರಷ್ ಓಡಾಡಿದರೆ ಬೂದು ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ನೆರಳಿಗೊಂದು, ಬೆಳಕಿಗೊಂದು, ಹಿನ್ನೆಲೆಗೊಂದು ಬ್ರಷ್ ಇಟ್ಟುಕೊಳ್ಳಿ. ಬಣ್ಣ ಇಟ್ಟಮೇಲೆ ಅಲ್ಲೇ ಉಜ್ಜುತ್ತಾ ಕೂರಬೇಡಿ.

ಇನ್ನೊಂದು: ಬಿಳಿ ಕ್ಯಾನ್ವಾಸ್ ಮೇಲೆ ಮೊದಲು ಇಟ್ಟ ಬಣ್ಣವೆಲ್ಲ ಗಾಢವಾಗಿಯೇ ಕಾಣುತ್ತದೆ, ಅದಕ್ಕೇ ಎಲ್ಲವನ್ನೂ ತಿಳಿ ಮಾಡಿಬಿಡುತ್ತೇವೆ. ಶುರುವಿಗೇ ಬರ್ಂಟ್ ಅಂಬರ್ ಎಂಬ ಗಾಢ ಕಂದು ಬಣ್ಣವನ್ನು ತಿನ್ನರ್‌ನಲ್ಲಿ ತೆಳು ಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು, ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಈ ನಡು ಟೋನ್ ಮೇಲೆ ತಿಳಿಯೂ ಗಾಢವೂ ಎರಡೂ ನಿಜವಾಗಿ ಕಾಣುತ್ತವೆ.

ಅಗಸೆಎಣ್ಣೆ
ಬೆಳಗಿನ ಸಪ್ಪೆತನಕ್ಕೆ ಎರಡು ಕಾರಣ ಇರಬಹುದು. ಒಂದು, ಬೆಳಕು. 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬಿನಡಿ ತಿಳಿ ಹಳದಿಗೂ ಬಿಳಿಗೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ನಿಂಬೆ ಕೈಕೊಡುವುದು ಇಲ್ಲೇ. ಕ್ಯಾನ್ವಾಸ್ ಮತ್ತು ಪ್ಯಾಲೆಟ್ ಎರಡರ ಮೇಲೂ ಒಂದೇ ದೀಪ ಬೀಳಲಿ, ಸುಮಾರು 5000 ಕೆಲ್ವಿನ್, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿರಲಿ. ಜೋಡಣೆಗೆ ಬೇರೆ ದೀಪ.

ಎರಡನೆಯದು, ಬಣ್ಣ ಇಂಗುವುದು. ಗೆಸ್ಸೊ (ಕ್ಯಾನ್ವಾಸಿಗೆ ಮೊದಲೇ ಬಳಿದಿರುವ ಬಿಳಿ ಲೇಪ) ಬಣ್ಣದ ಎಣ್ಣೆಯನ್ನು ಹೀರಿಕೊಂಡರೆ, ಇಲ್ಲವೇ ತಿನ್ನರ್ ಜಾಸ್ತಿಯಾದರೆ ಗಾಢ ಬಣ್ಣಗಳು ಒಣಗುತ್ತಾ ಹೊಳಪು ಕಳೆದುಕೊಂಡು ಬೂದುಬೂದಾಗುತ್ತವೆ. ಅಂಬರ್, ಅಲ್ಟ್ರಾಮರೀನ್ ನೀಲಿಗಳಲ್ಲಿ ಇದು ಮಾಮೂಲು. ಚಿತ್ರ ಕೆಟ್ಟಿರುವುದಿಲ್ಲ, ಮೇಲ್ಮೈ ಮಂಕಾಗಿರುತ್ತದೆ ಅಷ್ಟೇ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಲಿನ್ಸೀಡ್ (ಅಗಸೆ) ಎಣ್ಣೆ ಮತ್ತು ತಿನ್ನರ್ ಸಮಸಮ ಬೆರೆಸಿ, ನಾರು ಬಿಡದ ಬಟ್ಟೆಯಲ್ಲಿ ಕೆಲವೇ ಹನಿ ತೆಗೆದುಕೊಂಡು ಮಂಕಾದ ಕಡೆ ತೆಳ್ಳಗೆ ಸವರಿ. ಒಂದೆರಡು ನಿಮಿಷ ಬಿಟ್ಟು ಹೆಚ್ಚಿನದನ್ನೆಲ್ಲ ಒರೆಸಿ ತೆಗೆಯಿರಿ. ಹಸಿಯಾಗಿದ್ದಾಗ ಇದ್ದ ಆಳ ತಿರುಗಿ ಬರುತ್ತದೆ. ಎಣ್ಣೆ ಉಳಿಸಿದರೆ ಮುಂದೆ ಅಲ್ಲೇ ಹಳದಿಯಾಗುತ್ತದೆ. ಮಂಕಾದ ಬಣ್ಣಕ್ಕೇ ಹೊಂದಿಸಿ ಹೊಸ ಬಣ್ಣ ಕಲಸಿದರೆ ವಾರ್ನಿಷ್ ಹಾಕಿದ ದಿನ ತೇಪೆ ಎದ್ದು ಕಾಣುತ್ತದೆ, ಆದ್ದರಿಂದ ಇದನ್ನು ಮಾಡಿಯೇ ಮುಂದಿನ ಕೆಲಸ.

ಆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಲಿನ್ಸೀಡ್ ಎಣ್ಣೆ ಒಣಗುವಾಗ ಶಾಖ ಹುಟ್ಟಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ.

ನೀಲಿಬಟ್ಟೆ
ಫೋಟೋ ಪರೀಕ್ಷೆ ಮಾಡಿದೆ. ಪಾತ್ರೆಯ ನೆರಳಿನಲ್ಲಿರುವ ಪ್ರತಿಫಲನ ನಿಂಬೆಯಷ್ಟೇ ತಿಳಿಯಾಗಿದೆ! ಹೈಲೈಟ್ ಬಗ್ಗೆ ಯಾರೂ ಹೇಳಲಿಲ್ಲ. ಬಾಟಲಿ ಕಾಗದ ಕತ್ತರಿಸಿ ಅಂಟಿಸಿದಂತಿದೆ. ಈ ಮಧ್ಯೆ ನಿಂಬೆಯೂ ಸುಕ್ಕಾಗುತ್ತಿದೆ.

ಮೂರನೇಮೆಟ್ಟಿಲು
ಹೈಲೈಟ್ ಕೊಡುವ ಸಂತೋಷವನ್ನು ಅಷ್ಟಾಗಿ ನಂಬಬೇಡಿ ಮಾರಾಯ್ರೇ. ಅದು ಬೇಗ ಬಂದರೆ ಕೆಳಗಿನ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಕೊನೆಗೆ ಇಡಿ, ದಪ್ಪ ಬಣ್ಣದಲ್ಲಿ, ಒಂದೇ ಏಟಿಗೆ. ಲೋಹ ಮತ್ತು ಗಾಜಿಗೆ ಲೆಕ್ಕ ಬೇರೆ. ತಾಮ್ರ ತನ್ನ ಬಣ್ಣವನ್ನು ಹೊಳಪಿಗೂ ಹಚ್ಚುತ್ತದೆ, ಹಾಗಾಗಿ ಬರೀ ಬಿಳಿ ಇಟ್ಟರೆ ಪ್ಲಾಸ್ಟಿಕ್ ಆಗುತ್ತದೆ. ಬಿಳಿಗೆ ಚೂರು ಕಿತ್ತಳೆ ಬೆರೆಸಿ. ಗಾಜಿನ ಹೊಳಪು ದೀಪದ ಬಣ್ಣದ್ದೇ. ಬೆಳಕು ಮೇಲೆ ಎಡದಿಂದ ಬಂದರೆ ಹೈಲೈಟ್ ಎಡಕ್ಕೆ, ಆದರೆ ಬೆಳಕು ಗಾಜನ್ನು ದಾಟಿ ಹೋಗುವುದರಿಂದ ಕೆಳಗೆ ಬಲಗಡೆ ಹಸಿರು ಕಾಂತಿಯಾಗಿ ಹೊಳೆಯುತ್ತದೆ. ನಿಮ್ಮ ಬಾಟಲಿಯಲ್ಲಿ ಆ ಬಲಗಡೆಯ ಕಾಂತಿ ಇದೆಯೇ ನೋಡಿ. ಅಡಿಯ ಅಂಡಾಕಾರವೂ ಬಾಯಿಯದ್ದಕ್ಕಿಂತ ಹೆಚ್ಚು ಗುಂಡಗಿರಬೇಕು, ಅದು ಕಣ್ಣಿನ ಮಟ್ಟದಿಂದ ಕೆಳಗಿದೆಯಲ್ಲ. ಅಡಿಯನ್ನು ನೇರ ಗೆರೆ ಎಳೆದರೆ ಬಾಟಲಿ ಮೇಜಿನ ಮೇಲೆ ಕೂರುವುದೇ ಇಲ್ಲ.

ಹಣ್ಣು, ಹೂ ಇದ್ದರೆ ಮೊದಲು ಅವನ್ನೇ ಮುಗಿಸಿ. ಪಾತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ. ನಿಂಬೆಯ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ, ರಾತ್ರಿ ಫ್ರಿಜ್‌ನಲ್ಲಿಡಿ. ಟ್ಯೂಲಿಪ್‌ನಂಥ ಹೂವಾದರೆ ಕತ್ತರಿಸಿದ ಮೇಲೂ ಬೆಳೆದು ಬೆಳಕಿನತ್ತ ಬಾಗುತ್ತದೆ. ಫ್ರೆಂಚ್ ಚಿತ್ರಕಾರ ಸೆಜಾನ್ ಕೆಲಸ ಎಷ್ಟು ನಿಧಾನವೆಂದರೆ ನಿಜವಾದ ಹೂವಿನ ಬದಲು ಕಾಗದದ ಹೂ ಇಟ್ಟುಕೊಂಡದ್ದೂ ಉಂಟು. ಇಟಲಿಯ ಬೊಲೊನ್ಯದ ಚಿತ್ರಕಾರ ಮೊರಾಂಡಿ (1890–1964) ಅವವೇ ಬಾಟಲಿ, ಡಬ್ಬಿಗಳನ್ನು ದಶಕಗಟ್ಟಲೆ ಜಾಗ ಬದಲಿಸಿ ಬಿಡಿಸಿದರು. ಬಾಡದ ವಸ್ತುಗಳನ್ನೇ ಆರಿಸಿದರೆ ಅರ್ಧ ಗಾಬರಿ ತಪ್ಪುತ್ತದೆ.

ಪ್ಯಾಲೆಟ್‌ಚಾಕು
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಎಲ್ಲ ಚಿತ್ರಕ್ಕೂ ತಾಳ್ಮೆ ಮದ್ದಲ್ಲ. ಟೋನ್, ಅಂಚು, ಹೊಳಪು ತಿದ್ದಬಹುದು. ಜೋಡಣೆಯೇ ತಪ್ಪಿದ್ದರೆ, ಅಂದರೆ ಎರಡು ವಸ್ತುಗಳ ಅಂಚು ಒಂದನ್ನೊಂದು ಬರೀ ಮುಟ್ಟಿಕೊಂಡು ನಿಂತಿದ್ದರೆ, ಎಲ್ಲದರ ಎತ್ತರ ಒಂದೇ ಇದ್ದರೆ, ಎಷ್ಟು ಬಣ್ಣ ಬಳಿದರೂ ಸುಖವಿಲ್ಲ. ಕ್ಯಾನ್ವಾಸ್ ಮುಟ್ಟುವ ಮೊದಲು 2x3 ಇಂಚಿನ ಪೆನ್ಸಿಲ್ ಸ್ಕೆಚ್ ಐದಾರು ಮಾಡಿ ಅಲ್ಲೇ ಜಗಳ ಮುಗಿಸಿ.

ಕೆರೆಯುವುದೂ ಸೋಲಲ್ಲ. ಬಣ್ಣ ಹಸಿ ಇರುವಾಗ ಚಾಕುವಿನಿಂದ ಸವರಿದರೆ ಕೆಳಗೆ ತೆಳು ಛಾಯೆ ಉಳಿಯುತ್ತದೆ, ಅದರ ಮೇಲೆ ಮತ್ತೆ ಕೆಲಸ ಮಾಡಲು ಬಲು ಅನುಕೂಲ. ಇಲ್ಲವೇ ರಾಡಿಯಾದ ಜಾಗದ ಮೇಲೆ ಪತ್ರಿಕೆಯ ಹಾಳೆ ಒತ್ತಿ ಮೆಲ್ಲಗೆ ಸುಲಿಯಿರಿ. ಹೆಚ್ಚುವರಿ ಬಣ್ಣ ಕಾಗದಕ್ಕೆ ಹೋಗಿ ಚಿತ್ರದ ಅಸ್ಥಿಪಂಜರ ನಿಲ್ಲುತ್ತದೆ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಹೆನ್ರಿ ಟಾಂಕ್ಸ್ ಹೆಸರಿನಿಂದ ಇದನ್ನು ಟಾಂಕಿಂಗ್ ಎನ್ನುತ್ತಾರೆ. ಅರ್ಧ ಒಣಗಿ ಅಂಟಾದ ಬಣ್ಣವನ್ನು ಮಾತ್ರ ಕೆದಕಬೇಡಿ, ಕಿತ್ತುಕೊಂಡು ಬರುತ್ತದೆ.

ನಿಮ್ಮ ಚಿತ್ರದ ಮಟ್ಟಿಗೆ: ಪಾತ್ರೆಯ ಪ್ರತಿಫಲನವನ್ನು ಒಂದು ಟೋನ್ ಇಳಿಸಿ, ಬಾಟಲಿಯ ಅಡಿ ತಿದ್ದಿ, ನಿಂಬೆ ಮುಗಿಸಿ. ಅದಾದ ಮೇಲೂ ಸಪ್ಪೆ ಅನಿಸಿದರೆ ಫೋಟೋ ಇಲ್ಲಿ ಹಾಕಿ, ಜೋಡಣೆಯದ್ದೂ ಜೊತೆಗೆ.