ಗೋಧಿ ಬಿಟ್ಟು ಐದು ವಾರವಾಯಿತು, ಇನ್ನು ಜೀವನಪೂರ್ತಿ ಹೀಗೆಯೇ ಇರಬಹುದೇ?

ಇಬ್ಬನಿ ಕೇಳಿದ್ದು:
ನನಗೆ 41 ವರ್ಷ. ಐದು ವಾರಗಳ ಹಿಂದೆ ಗೋಧಿಯನ್ನು ಪೂರ್ತಿ ಬಿಟ್ಟೆ. ಹಿಟ್ಟು, ರವೆ, ಮೈದಾ, ಬ್ರೆಡ್, ಬಿಸ್ಕತ್ತು ಯಾವುದನ್ನೂ ಮುಟ್ಟುತ್ತಿಲ್ಲ. ಎರಡನೆಯ ವಾರದಿಂದಲೇ ಊಟವಾದ ಮೇಲೆ ಹೊಟ್ಟೆ ಉಬ್ಬರಿಸುವುದು ನಿಂತಿತು. ಮಧ್ಯಾಹ್ನ ಮೂರು ಗಂಟೆಯಾದರೆ ಕೂತಲ್ಲೇ ಕಣ್ಣು ಎಳೆಯುತ್ತಿತ್ತು, ಅದೂ ಕಡಿಮೆಯಾಗಿದೆ. ಹಿಮೋಗ್ಲೋಬಿನ್ ಮಾತ್ರ ಆರು ವರ್ಷಗಳಿಂದ 9ರ ಆಸುಪಾಸಿನಲ್ಲೇ ನಿಂತಿದೆ, ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಏರುವುದಿಲ್ಲ. ಗೋಧಿಯಿಲ್ಲದೆ ಹೀಗೆಯೇ ಮುಂದುವರಿಯಬಹುದೇ? ಒಂಬತ್ತು ವರ್ಷದ ಮಗಳಿಗೂ ಆಗಾಗ ಹೊಟ್ಟೆನೋವು ಬರುತ್ತದೆ. ಅವಳಿಗೂ ಇವತ್ತಿನಿಂದಲೇ ನಿಲ್ಲಿಸಿಬಿಡಲೇ?

ಹಳೆಯ ಕೊಡೆ:
ಮಗಳ ತಟ್ಟೆಯಿಂದ ಸದ್ಯಕ್ಕೆ ಏನನ್ನೂ ತೆಗೆಯಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಿಮ್ಮ ಬರಹದಲ್ಲಿ ನನ್ನ ಕಣ್ಣು ನೆಟ್ಟಿದ್ದು ಆ ಏರದ ಹಿಮೋಗ್ಲೋಬಿನ್ ಮೇಲೆ. ನನಗೂ ವರ್ಷಗಟ್ಟಲೆ ಹಾಗೆಯೇ ಇತ್ತು. ನಾನೂ ನಿಮ್ಮ ಹಾಗೆ ಯಾರನ್ನೂ ಕೇಳದೆ ಗೋಧಿ ಬಿಟ್ಟೆ, ಎಂಟು ತಿಂಗಳು ಹಗುರವಾಗಿ ಓಡಾಡಿಕೊಂಡಿದ್ದೆ. ಒಂದು ದಿನ ಮೆಟ್ಟಿಲಲ್ಲಿ ಜಾರಿ ಕೈ ಊರಿದೆ, ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿಯಿತು. ಪರೀಕ್ಷಿಸಿದರೆ ಮೂಳೆಗಳ ಸಾಂದ್ರತೆ ನನ್ನ ವಯಸ್ಸಿಗೆ ತೀರಾ ಕಡಿಮೆ. ರಕ್ತಹೀನತೆ, ಮೂಳೆ, ಹೊಟ್ಟೆ ಮೂರನ್ನೂ ಒಟ್ಟಿಗೆ ನೋಡಿದ ವೈದ್ಯೆ ಸೀಲಿಯಾಕ್ ಕಾಯಿಲೆ ಇರಬಹುದೆಂದು ಶಂಕಿಸಿದರು. ಆ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚಾಗುವ ಟಿಟಿಜಿ ಎಂಬ ಪ್ರತಿಕಾಯಗಳನ್ನು ನೋಡಿದಾಗ ಫಲಿತಾಂಶ ಸಹಜ ಎಂದು ಬಂತು.

ಸಹಜವೆಂದು ಬರಲು ಕಾರಣ ನಾನೇ. ಈ ಕಾಯಿಲೆಯಲ್ಲಿ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಪೋಷಕಾಂಶಗಳನ್ನು ಹೀರುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ ಮೈಗೆ ಹತ್ತದಿರುವುದು ಅದರಿಂದಲೇ. ಗ್ಲುಟೆನ್ ನಿಲ್ಲಿಸಿದರೆ ಪ್ರತಿಕಾಯಗಳು ನಿಧಾನವಾಗಿ ಇಳಿಯುತ್ತವೆ, ಕರುಳೂ ಚೇತರಿಸಿಕೊಳ್ಳುತ್ತದೆ. ಆಗ ಪರೀಕ್ಷೆಗೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ನಿಜ ತಿಳಿಯಲು ನಾನು ಮತ್ತೆ ಆರು ವಾರ, ದಿನಕ್ಕೆ ಎರಡು ಹೊತ್ತು ಗೋಧಿ ತಿನ್ನಬೇಕಾಯಿತು. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಕೆಲಸಕ್ಕೆ ಹನ್ನೊಂದು ದಿನ ರಜೆ ಹಾಕಿದೆ. ಗೋಧಿ ಬಿಡುವ ಮೊದಲೇ ಒಂದು ಬಾರಿ ರಕ್ತವನ್ನು ಪರೀಕ್ಷೆಗೆ ಕೊಟ್ಟಿದ್ದರೆ ಇಷ್ಟೂ ತಪ್ಪುತ್ತಿತ್ತು.

ಮೂರನೆಯ ಬೆಂಚು:
ಎಲ್ಲರಿಗೂ ಸೀಲಿಯಾಕ್ ಇರುವುದಿಲ್ಲ, ಇಬ್ಬನಿಯವರು ಗಾಬರಿಯಾಗಬೇಕಿಲ್ಲ. ಅದು ನೂರರಲ್ಲಿ ಸುಮಾರು ಒಬ್ಬರಿಗಷ್ಟೇ. ನನಗೆ ಅದು ಇಲ್ಲವೆಂದು ಖಚಿತವಾದ ಮೇಲೂ ಬ್ರೆಡ್ ತಿಂದರೆ ಹೊಟ್ಟೆ ಡೋಲಿನಂತಾಗುತ್ತಿತ್ತು. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಶರ್ಕರಪಿಷ್ಟವೂ (ಕಾರ್ಬೋಹೈಡ್ರೇಟ್) ಇದೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುದುಗಿ ಗಾಳಿಯಾಗುತ್ತದೆ. ಸೀಲಿಯಾಕ್ ಇಲ್ಲದಿದ್ದರೂ ತಾವಾಗಿಯೇ ಗ್ಲುಟೆನ್ ಬಿಟ್ಟಿದ್ದ 59 ಜನರ ಮೇಲೆ ನಾರ್ವೆಯಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಾವುದರಲ್ಲಿ ಏನಿದೆಯೆಂದು ಹೇಳದೆ ಒಂದು ವಾರ ಗ್ಲುಟೆನ್, ಒಂದು ವಾರ ಫ್ರಕ್ಟಾನ್, ಒಂದು ವಾರ ಎರಡೂ ಇಲ್ಲದ ತಿನಿಸು ಕೊಟ್ಟರು. ಹೆಚ್ಚು ತೊಂದರೆ ಕಂಡದ್ದು ಫ್ರಕ್ಟಾನ್ ತಿಂದ ವಾರದಲ್ಲಿ. ಈರುಳ್ಳಿ ಬೆಳ್ಳುಳ್ಳಿಯಲ್ಲೂ ಅದೇ ಇದೆ. ನಾನು ಅವುಗಳನ್ನು ಕಡಿಮೆ ಮಾಡಿದ ಮೇಲೆ ಗೋಧಿ ಸ್ವಲ್ಪ ತಿಂದರೂ ಹೊಟ್ಟೆ ತಡೆದುಕೊಳ್ಳುತ್ತದೆ.

ಇಬ್ಬನಿ:
ಇಬ್ಬರಿಗೂ ಧನ್ಯವಾದ. ಆದರೆ ಆರು ವಾರ ಮತ್ತೆ ಆ ಉಬ್ಬರ ಅನುಭವಿಸುವ ಧೈರ್ಯ ನನಗಿಲ್ಲ. ಹೇಗೂ ಬಿಟ್ಟಿದ್ದೇನೆ, ಕಾಯಿಲೆಯ ಹೆಸರು ತಿಳಿದು ಮಾಡುವುದೇನು?

ಹಳೆಯ ಕೊಡೆ:
ನಾನೂ ಹೀಗೆಯೇ ಕೇಳಿದ್ದೆ. ಬರೀ ಉಬ್ಬರವಾದರೆ ಅಪರೂಪಕ್ಕೊಂದು ತುಂಡು ಕೇಕ್ ತಿಂದರೆ ಒಂದು ಸಂಜೆ ಹಾಳಾಗುತ್ತದೆ, ಅಷ್ಟೆ. ಸೀಲಿಯಾಕ್ ಆದರೆ ಬ್ರೆಡ್ ಕೊಯ್ದ ಚಾಕುವನ್ನೇ ಬಳಸುವಂತಿಲ್ಲ, ಸೋಯಾ ಸಾಸ್ ಬಾಟಲಿಯ ಮೇಲಿನ ಅಕ್ಷರಗಳನ್ನೂ ಓದಬೇಕು. ಗ್ಲುಟೆನ್ ರಹಿತ ಎಂದು ಬರೆಯಲು ಅಂತರರಾಷ್ಟ್ರೀಯ ಆಹಾರ ಸಂಹಿತೆ ಇಟ್ಟ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಷ್ಟು ಕಟ್ಟುನಿಟ್ಟನ್ನು ಯಾರೂ ಅನುಮಾನದ ಮೇಲೆ ಜೀವನಪೂರ್ತಿ ಪಾಲಿಸಲಾರರು. ಇನ್ನೊಂದು ಕಾರಣ ನಿಮ್ಮ ಮಗಳು. ನಿಮಗಿದ್ದರೆ ಅವಳಿಗೂ ಇರುವ ಸಾಧ್ಯತೆ ಹತ್ತರಲ್ಲಿ ಒಂದರಷ್ಟು.

ನಿಮ್ಮದು ಇನ್ನೂ ಐದೇ ವಾರ. ಪ್ರತಿಕಾಯಗಳು ಪೂರ್ತಿ ಇಳಿದಿರಲಿಕ್ಕಿಲ್ಲ. ಈಗಲೇ ವೈದ್ಯರಿಗೆ ಗೋಧಿ ಬಿಟ್ಟ ದಿನಾಂಕ ತಿಳಿಸಿ ಟಿಟಿಜಿ ಮಾಡಿಸಿ. ಜೊತೆಗೆ ಐಜಿಎ ಎಂಬ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣವನ್ನೂ ನೋಡಲು ಹೇಳಿ, ಅದು ಕಡಿಮೆಯಿದ್ದವರಲ್ಲಿ ಟಿಟಿಜಿ ದಾರಿ ತಪ್ಪಿಸುತ್ತದೆ. ಸಹಜವೆಂದು ಬಂದರೆ ಮಾತ್ರ ನಂಬಿ ಕೂರಬೇಡಿ. ಆಗ ಸೀಲಿಯಾಕ್‌ಗೆ ನಂಟಿರುವ ಡಿಕ್ಯೂ2, ಡಿಕ್ಯೂ8 ಎಂಬ ಜೀನ್‌ಗಳ ಪರೀಕ್ಷೆಯಿದೆ, ಅದಕ್ಕೆ ಗೋಧಿ ತಿನ್ನಬೇಕಿಲ್ಲ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬಹುಮಟ್ಟಿಗೆ ಇಲ್ಲವೆಂದೇ ಅರ್ಥ. ಇದ್ದರೆ ಕಾಯಿಲೆ ಇದೆಯೆಂದಲ್ಲ, ಅವು ಮೂವರಲ್ಲಿ ಒಬ್ಬರಿಗಾದರೂ ಇರುತ್ತವೆ.

ಹಿಮೋಗ್ಲೋಬಿನ್ ಏರದಿರಲು ಬೇರೆ ಕಾರಣಗಳೂ ಇರಬಹುದು. ಅದನ್ನಂತೂ ಬಿಡದೆ ತೋರಿಸಿ.

ಇಬ್ಬನಿ:
ಇವತ್ತು ಬೆಳಿಗ್ಗೆ ಮಗಳ ಡಬ್ಬಿಗೆ ಎಂದಿನಂತೆ ಬ್ರೆಡ್ ಹಾಕಿ ಕಳುಹಿಸಿದೆ. ಶುಕ್ರವಾರ ವೈದ್ಯರ ಸಮಯ ಸಿಕ್ಕಿದೆ. ನಾನು ಬಿಟ್ಟ ದಿನಾಂಕವನ್ನೂ ಅವಳಿಗೆ ಹೊಟ್ಟೆ ನೋವು ಬಂದ ದಿನಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ.