ಬೇಟೆ ಬಾಣ ಮನೆಯಲ್ಲೇ ಕಟ್ಟುವವರು ಸ್ವಲ್ಪ ಹೇಳಿ

ಪ್ರಶ್ನೆ: ನಾನಿರುವುದು ಮಿಷಿಗನ್‌ನಲ್ಲಿ. ಅಕ್ಟೋಬರ್ 1ಕ್ಕೆ ಇಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗಬಹುದು. ನನ್ನದು 60 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲು (ಗಾಲಿ ಇರುವ ಬಿಲ್ಲು), ಬಾಣ 28 ಇಂಚು. ಈ ಸಲ ಬಾಣ ನಾನೇ ಕಟ್ಟೋಣ ಅಂತ. ಈಗಿರುವ ಬಾಣಕ್ಕೆ ಫೀಲ್ಡ್ ಪಾಯಿಂಟ್ (ಅಭ್ಯಾಸದ ಸಾದಾ ತುದಿ) ಹಾಕಿದರೆ ಗುರಿಗೇ ಬೀಳುತ್ತದೆ, ಬ್ರಾಡ್‌ಹೆಡ್ (ಅಲಗು ಇರುವ ಬೇಟೆ ತುದಿ) ಹಾಕಿದರೆ ಎಡಕ್ಕೆ ಹೋಗುತ್ತದೆ. ಎಲ್ಲಿಂದ ಶುರು ಮಾಡಲಿ?

ಪೆನ್ಸಿಲ್ವೇನಿಯಾದಿಂದ:
ಅಂಟು, ವೇನ್ (ಬಾಣದ ಹಿಂಬದಿಯ ರೆಕ್ಕೆ) ಎಲ್ಲಾ ಆಮೇಲೆ. ಮೊದಲು ಸ್ಪೈನ್, ಅಂದರೆ ಶಾಫ್ಟ್ (ಬಾಣದ ಕಡ್ಡಿ) ಎಷ್ಟು ಬಾಗುತ್ತದೆ ಅಂತ ನೋಡಿ. 28 ಇಂಚು ದೂರದ ಎರಡು ಆಸರೆಗಳ ಮೇಲೆ ಶಾಫ್ಟ್ ಇಟ್ಟು, ನಡುವೆ 1.94 ಪೌಂಡ್ ತೂಕ ನೇತುಹಾಕುತ್ತಾರೆ. 0.400 ಇಂಚು ಬಾಗಿದರೆ ಅದು 400 ಸ್ಪೈನ್. ಅಂದರೆ ನಂಬರ್ ಕಮ್ಮಿಯಾದಷ್ಟೂ ಶಾಫ್ಟ್ ಪೆಡಸು. ನಿಮಗೆ 100 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ತುದಿಯಾದರೆ 400 ಸಾಕಾಗಬಹುದು. ತುದಿ ಭಾರ ಮಾಡಿದರೆ, ಇಲ್ಲವೇ ಬಾಣ ಉದ್ದ ಬಿಟ್ಟರೆ, ಅದೇ ಶಾಫ್ಟ್ ಜಾಸ್ತಿ ಬಾಗುತ್ತದೆ. ಆಗ 340ಕ್ಕೆ ಹೋಗಿ. ಕಂಪನಿಯ ಚಾರ್ಟ್ ನೋಡದೆ ಸುಮ್ನೆ ಒಂದು ಡಜನ್ ತರಬೇಡಿ.

ಟೆಕ್ಸಸ್‌ನಿಂದ:
ಕಾರ್ಬನ್ ಶಾಫ್ಟಿಗೆ ಹ್ಯಾಕ್ಸಾ, ಪೈಪ್ ಕಟರ್ ಮುಟ್ಟಿಸಬೇಡಿ. ಎಳೆ ಸೀಳುತ್ತದೆ. ಜೋರಾಗಿ ತಿರುಗುವ ಅಬ್ರೇಸಿವ್ ಚಕ್ರವೇ ಬೇಕು. ಮಾಸ್ಕ್, ಕನ್ನಡಕ ಹಾಕಿಕೊಂಡು ಮನೆ ಹೊರಗೆ ಕತ್ತರಿಸಿ. ಆ ಕರಿ ದೂಳು ಅಡುಗೆಮನೆಗೆ ಬಂದರೆ ಬಾಣಕ್ಕಿಂತ ಮೊದಲು ನಿಮ್ಮ ಟ್ಯೂನಿಂಗ್ ಆಗುತ್ತದೆ!

ಕತ್ತರಿಸಿದ ತುದಿಯನ್ನು ಸ್ಕ್ವೇರಿಂಗ್ ಟೂಲ್‌ನಲ್ಲಿ ಉಜ್ಜಿ ಸಮ ಮಾಡಿ. ಇಲ್ಲದಿದ್ದರೆ ಬ್ರಾಡ್‌ಹೆಡ್ ಓರೆಯಾಗಿ ಕೂರುತ್ತದೆ. ಒಳಗಡೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇಯರ್‌ಬಡ್ ಹಾಕಿ, ಕಪ್ಪು ಹೋಗುವ ತನಕ ಒರೆಸಿ, ಆಮೇಲೆ ಎಪಾಕ್ಸಿ ಅಂಟಿನಲ್ಲಿ ಇನ್ಸರ್ಟ್ (ಬಾಣದ ತುದಿ ತಿರುಗಿಸಿ ಕೂರಿಸುವ ಒಳತುಂಡು) ಕೂರಿಸಿ. ಹಾಟ್ ಮೆಲ್ಟ್ (ಕಾಯಿಸಿ ಕರಗಿಸುವ ಅಂಟು) ಬಳಸಿದರೆ ಬಿಸಿ ಮಾಡಬೇಕಾದ್ದು ಇನ್ಸರ್ಟನ್ನು, ಶಾಫ್ಟನ್ನಲ್ಲ. ದುಡ್ಡು ಹಾಕುವುದಾದರೆ ವೇನ್ ಅಂಟಿಸುವಾಗ ಹಿಡಿದಿಡುವ ಜಿಗ್‌ಗೆ ಹಾಕಿ. ಫಿಕ್ಸೆಡ್ (ಅಲಗು ಮಡಚದ) ಬ್ರಾಡ್‌ಹೆಡ್ ಇದ್ದರೆ ವೇನ್‌ಗೆ ಸ್ವಲ್ಪ ತಿರುವು ಇರಲಿ.

ವಿಸ್ಕಾನ್ಸಿನ್‌ನಿಂದ:
ಇಬ್ಬರೂ ಸರಿಯಾಗೇ ಹೇಳಿದ್ದಾರೆ. ಆದರೆ ಎಡಕ್ಕೆ ಹೋಗುವುದು ಬಾಣದ ತಪ್ಪೇ ಆಗಬೇಕು ಅಂತಿಲ್ಲ, ಅಲ್ವಾ? ಬ್ರಾಡ್‌ಹೆಡ್ ನೆಟ್ಟಗೆ ಕೂತಿದೆಯಾ ನೋಡಲು ಬಾಣವನ್ನು ಅಂಗೈ ಮೇಲೆ ನಿಲ್ಲಿಸಿ ತಿರುಗಿಸಿ ಅಂತ ಕೆಲವರು ಹೇಳುತ್ತಾರೆ, ಬೇಡ. ಮರದ ಹಲಗೆ ಮೇಲೆ ಬ್ರಾಡ್‌ಹೆಡ್ ತುದಿ ಊರಿ ಬುಗುರಿ ತರ ತಿರುಗಿಸಿ. ಅಲುಗಾಡಿದ ಬಾಣ ಪಕ್ಕಕ್ಕಿಡಿ. ಉಳಿದವನ್ನು ಸುಮಾರು 6 ಅಡಿ ದೂರದಿಂದ ಕಾಗದದ ಮೂಲಕ ಹೊಡೆದು ನೋಡಿ. ತೂತು ದುಂಡಗಾಗಿದ್ದು, ಅದರ ಸುತ್ತ ವೇನ್ ಗುರುತು ಮಾತ್ರ ಇದ್ದರೆ ಬಾಣ ನೆಟ್ಟಗೆ ಹೋಗುತ್ತಿದೆ.

ಆಮೇಲೆ 20 ಗಜದಿಂದ ಎರಡೂ ಬಗೆಯ ತುದಿ ಹಾಕಿ ಹೊಡೆಯಿರಿ. ಆಗಲೂ ಬ್ರಾಡ್‌ಹೆಡ್ ಎಡಕ್ಕೆ ಬಿದ್ದರೆ ರೆಸ್ಟನ್ನು (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಬಲಕ್ಕೆ ಸರಿಸಿ, ಒಂದು ಸಲಕ್ಕೆ 1/32 ಇಂಚು ಮಾತ್ರ. ಎರಡೂ ಒಂದೇ ಕಡೆ ಬೀಳಲು ಶುರುವಾದ ಮೇಲೆ ಸೈಟ್ (ಗುರಿ ನೋಡುವ ಸಾಧನ) ಮುಟ್ಟಿ, ಮುಂಚೆ ಬೇಡ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ವೇಗ ಸಿಗಲಿ ಅಂತ ಬಾಣ ಹಗುರ ಮಾಡಬಹುದಾ?

ಪೆನ್ಸಿಲ್ವೇನಿಯಾದಿಂದ:
ಬಿಲ್ಲಿನ ಪ್ರತಿ ಪೌಂಡಿಗೆ ಬಾಣದ ತೂಕ 5 ಗ್ರೇನ್‌ಗಿಂತ ಕೆಳಗೆ ಬೇಡ, ಅಂದರೆ ನಿಮಗೆ 300. ಅದಕ್ಕೂ ಹಗುರವಾದರೆ ಬಿಲ್ಲಿಗೇ ಪೆಟ್ಟು. ಜಿಂಕೆಗೆ ನಾನಂತೂ 450ರ ಹತ್ತಿರ ಇಡುತ್ತೇನೆ.

ಮೈಸೂರಿನಿಂದ:
ಇಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ, ನಮ್ಮದು ಬರೀ ಟಾರ್ಗೆಟ್. ಒಂದು ಮಾತು ಸೇರಿಸುತ್ತೇನೆ. ಹೊಡೆಯುವ ಮುಂಚೆ ಕಾರ್ಬನ್ ಬಾಣವನ್ನು ಮೆಲ್ಲಗೆ ಬಾಗಿಸಿ ಕೇಳಿ. ಚಟಪಟ ಅಂದರೆ ಮುರಿದು ಬಿಸಾಡಿ. ಸೀಳಿದ್ದನ್ನು ಬಿಟ್ಟರೆ ಬಿಲ್ಲಿನಲ್ಲೇ ಒಡೆದು ಕೈಗೆ ಚುಚ್ಚಿಕೊಳ್ಳುತ್ತದೆ.