ಪದ ಬೇಕು (ಅರ್ಜೆಂಟ್): 'ಪ್ಯಾಕೇಜ್ ಮಾಡೋದು' ಅಂದ್ರೆ ಪೊಟ್ಟಣ ಕಟ್ಟೋದಾ?

ಎಲ್ರಿಗೂ ನಮಸ್ಕಾರ. ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಡಿಎಚ್-ಮೇಕ್-ಪರ್ಲ್ ಅನ್ನೋ ಟೂಲ್ ಬಗ್ಗೆ ಒಂದು ಪುಟ ಕನ್ನಡಕ್ಕೆ ಮಾಡ್ತಿದೀನಿ, ರಾತ್ರಿಯೊಳಗೆ ಕಳಿಸ್ಬೇಕು. ಪರ್ಲ್ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ಇಟ್ಟಿರೋ ಆನ್‌ಲೈನ್ ಭಂಡಾರ ಸಿಪ್ಯಾನ್‌ನಲ್ಲಿರೋ ಒಂದು ಮಾಡ್ಯೂಲಿನ (ಮತ್ತೆ ಮತ್ತೆ ಬಳಸೋ ಕೋಡಿನ ಕಂತೆ) ಹೆಸರು ಕೊಟ್ರೆ ಇದು ಅದನ್ನ ಇಳಿಸ್ಕೊಂಡು, ಒಳಗಿನ ಮೆಟಾ ಫೈಲ್ (ಮಾಡ್ಯೂಲಿನ ವಿವರ ಇರೋದು) ಓದಿ, ಅದಕ್ಕೆ ಬೇರೆ ಯಾವ್ಯಾವ ಮಾಡ್ಯೂಲ್ ಬೇಕು ಅಂತ ನೋಡಿ, ಡೆಬಿಯನ್ ಪ್ಯಾಕೇಜಿಗೆ ಬೇಕಾದ ಕಂಟ್ರೋಲ್, ರೂಲ್ಸ್, ಕಾಪಿರೈಟ್ ಫೈಲೆಲ್ಲ ತಾನೇ ಬರೆಯುತ್ತೆ. ಜೇಸನ್-ಎಕ್ಸ್‌ಎಸ್ ಕೊಟ್ರೆ ಲಿಬ್‌ಜೇಸನ್-ಎಕ್ಸ್‌ಎಸ್-ಪರ್ಲ್ ಅಂತ ನಾಮಕರಣಾನೂ ಅದರದ್ದೇ. ಈ 'ಪ್ಯಾಕೇಜ್ ಮಾಡೋದು'ಕ್ಕೆ 'ಪೊಟ್ಟಣ ಕಟ್ಟೋದು' ಅಂತ ಹಾಕಿದೀನಿ. ತೊಡಕೇನಂದ್ರೆ ಪರ್ಲ್‌ನಲ್ಲೇ ಪ್ಯಾಕೇಜ್ ಅಂತ ಕೀವರ್ಡ್ ಇದೆ, ಅಲ್ಲಿ ಅದು ಹೆಸರುಗಳ ಸುತ್ತ ಹಾಕೋ ಬೇಲಿ ಅಷ್ಟೆ, ಡೆಬ್ ಫೈಲಿಗೂ (ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಮಾಡೋ ಪ್ಯಾಕೇಜ್) ಅದಕ್ಕೂ ಸಂಬಂಧ ಇಲ್ಲ. ಎರಡೂ ಒಂದೇ ವಾಕ್ಯದಲ್ಲಿ ಬಂದು ಕೂತಿದೆ.

—

ಪೊಟ್ಟಣ ಬೇಡ. ಅದು ಕಡ್ಲೆಪುರಿಗೆ. ಅಲ್ದೆ ಸಂಸ್ಕೃತದ ಪೋಟ್ಟಲೀ ಇಂದ ಬಂದಿದ್ದು, ಕನ್ನಡದ್ದೇ ಆಗಿದ್ರೆ, ಹಳಗನ್ನಡದ ಪ ಆಮೇಲೆ ಹ ಆಗಿ ಪಾಲು ಹಾಲಾದ ಹಾಗೆ ಇದೂ ಹೊಟ್ಟಣ ಆಗ್ಬೇಕಿತ್ತು. 'ಕಟ್ಟು' ಅನ್ನಿ, ಮುಗೀತು. 'ಟೂಲ್' ಯಾಕೆ, 'ಹತ್ಯಾರ' ಇಲ್ವಾ?

—

> ಪಾಲು ಹಾಲಾದ ಹಾಗೆ

ಆಸ್ತಿಯಲ್ಲಿ ಬರೋ ಪಾಲು ಇವತ್ತಿಗೂ ಹಾಲಾಗಿಲ್ಲವಲ್ಲ ಸಾರ್. ತಮಿಳಲ್ಲಿ ಪೊಟ್ಟಲಂ, ತೆಲುಗಲ್ಲಿ ಪೊಟ್ಲಂ ಇದೆ, ಸಂಸ್ಕೃತವೇ ದಕ್ಷಿಣದಿಂದ ಎತ್ಕೊಂಡಿರಬಾರ್ದು ಅಂತೇನಿದೆ? 'ಕಟ್ಟು' ಒಂದೇ ಇಟ್ರೆ ಬಿಲ್ಡ್‌ಗೆ (ಕೋಡಿಂದ ಡೆಬ್ ಫೈಲ್ ತಯಾರಿಸೋದು) ಏನ್ಮಾಡ್ತೀರಿ, ಡೆಬಿಯನ್‌ನಲ್ಲಿ ಅದು ಬೇರೆ ಕೆಲಸ. ನಾವು ಮನೇನೂ ಕಟ್ತೀವಿ ಬುತ್ತೀನೂ ಕಟ್ತೀವಿ. ಇನ್ನು ಹತ್ಯಾರ ಹಿಂದಿ ಮರಾಠಿ ಕಡೆಯಿಂದ ಬಂದಿದ್ದು, ಗೊತ್ತಿರ್ಲಿ.

—

ಪ್ರಶ್ನೆ ಕೇಳಿದವ್ರಿಗೆ: 'ತಂತಾನೆ ಪೊಟ್ಟಣ ಕಟ್ಟುತ್ತೆ' ಅಂತ ಮಾತ್ರ ಬರೀಬೇಡಿ. ನಾನು ಈ ಕೆಲಸ ಮಾಡಿದೀನಿ, ಅದು ಕೊಡೋದು ಕರಡು. ಕಾಪಿರೈಟ್ ಯಾರದ್ದು, ಲೈಸೆನ್ಸ್ ಯಾವ್ದು ಅಂತ ಒಂದೊಂದು ಫೈಲೂ ತೆಗೆದು ಮನುಷ್ಯನೇ ನೋಡ್ಬೇಕು, ವಿವರಣೆ ತಿದ್ದಬೇಕು. 'ಪೊಟ್ಟಣದ ಕರಡು ಸಿದ್ಧಮಾಡುತ್ತೆ' ಅನ್ನಿ. ಪರ್ಲ್‌ದನ್ನ ಪ್ಯಾಕೇಜ್ ಅಂತ್ಲೇ ಬಿಡಿ, ಕೋಡಲ್ಲಿ ಟೈಪ್ ಮಾಡೋದೂ ಅದನ್ನೇ ತಾನೆ.

—

ಅರ್ಧ ಇಂಗ್ಲಿಷೇ ಇಟ್ಕೊಳ್ಳೋದಾದ್ರೆ ಇಲ್ಲಿ ಬಂದು ಪದ ಕೇಳಿದ್ದು ಯಾಕೋ. ಹತ್ಯಾರ ನಮ್ಮಜ್ಜಿ ಬಾಯಲ್ಲಿತ್ತು, ಅಷ್ಟು ಸಾಕು ನನಗೆ.

—

ಹಾಗಾದ್ರೆ ನಮ್ಮಜ್ಜಿ ಬಾಯಲ್ಲಿ ಬಸ್ಸೂ ಇತ್ತು, ಟಿಕೇಟೂ ಇತ್ತು.

—

ಕಳಿಸಿಬಿಟ್ಟೆ. 'ಪೊಟ್ಟಣದ ಕರಡು' ತಗೊಂಡಿದೀನಿ, ಪರ್ಲ್‌ದು ಪ್ಯಾಕೇಜ್ ಹಾಗೇ ಇದೆ. ಡಿಪೆಂಡೆನ್ಸಿಗೆ (ಬೇಕಾಗೋ ಬೇರೆ ಮಾಡ್ಯೂಲ್) 'ಅವಲಂಬನೆ' ಹಾಕಿದೀನಿ, ಅದರ ಸುದ್ದಿ ಯಾರೂ ಎತ್ತಬೇಡಿ, ದಮ್ಮಯ್ಯ.